ಕೆಸರಿನೊಳಗಿನ ಲಾಬ್‌ಸ್ಟರ್ ಊರುಗಳು

1950ರ ದಶಕಕ್ಕೆ ಮುಂಚೆ ಐರಿಷ್ ಸಮುದ್ರದ ಟ್ರಾಲರ್ ಮೀನುಗಾರರಿಗೆ ನಾರ್ವೆ ಲಾಬ್‌ಸ್ಟರ್ ಬೇಡದ ಸರಕಾಗಿತ್ತು. ಬೇರೆ ಮೀನಿಗೆಂದು ಎಳೆದ ಬಲೆಯಲ್ಲಿ ಕಿತ್ತಳೆ ಬಣ್ಣದ ಈ ಜೀವಿ ಸಿಕ್ಕರೆ ಹೆಚ್ಚಿನಂಶ ಮರಳಿ ಕಡಲಿಗೇ ಬೀಳುತ್ತಿತ್ತು. ಆಮೇಲೆ ಹೋಟೆಲುಗಳಲ್ಲಿ ಇದರಿಂದ ಮಾಡುವ ‘ಸ್ಕ್ಯಾಂಪಿ’ ಎಂಬ ಖಾದ್ಯದ ರುಚಿ ಹತ್ತಿತು. ಹಾಗೆ ಎಸೆದದ್ದೇ ಇಂದು ಸ್ಕಾಟ್ಲೆಂಡ್‌ನಲ್ಲಿ ಸಿಗಡಿ, ಏಡಿ, ಚಿಪ್ಪುಗಳ ಗುಂಪಿನಲ್ಲಿ ಅತಿ ಹೆಚ್ಚು ಹಣ ತರುವ ಬೇಟೆ.

ಈ ಬೇಟೆಯ ನಕ್ಷೆಯನ್ನು ಬರೆದದ್ದು ಕಡಲತಳದ ಕೆಸರು. ನಾರ್ವೆ ಲಾಬ್‌ಸ್ಟರ್ ಬಿಲ ತೋಡಿ ಬದುಕುವ ಪ್ರಾಣಿ. ಮರಳಿನಲ್ಲಿ ಬಿಲ ಕುಸಿಯುತ್ತದೆ, ಬಂಡೆಯನ್ನು ತೋಡಲಾಗದು. ಹೂಳೂ ಜೇಡಿಯೂ ಬೆರೆತ ನೆಲವೇ ಬೇಕು. ಮರಿಗಳು ಕೆಲವು ವಾರ ನೀರಿನಲ್ಲಿ ತೇಲುತ್ತವೆ. ತಳಕ್ಕಿಳಿದ ಮೇಲೆ ಒಂದು ಕೆಸರುನೆಲ ಬಿಟ್ಟು ಇನ್ನೊಂದಕ್ಕೆ ವಲಸೆ ಹೋಗುವುದಿಲ್ಲ. ಹೀಗಾಗಿ ಒಂದೊಂದು ಕೆಸರುನೆಲವೂ ಒಂದೊಂದು ಊರು.

ಊರೂರಿಗೂ ಜನಸಂಖ್ಯೆಯ ರೀತಿಯೇ ಬೇರೆ. ಪಶ್ಚಿಮ ಐರಿಷ್ ಸಮುದ್ರದಲ್ಲಿ ಬೇಸಿಗೆಯ ಸುತ್ತುಪ್ರವಾಹ ಮರಿಗಳನ್ನು ಹೊರಹೋಗದಂತೆ ತಡೆದು ಅದೇ ಕೆಸರಿನ ಮೇಲೆ ಇಳಿಸುತ್ತದೆ. ಬಿಲಗಳು ಒತ್ತೊತ್ತಾಗುತ್ತವೆ, ಆಹಾರಕ್ಕೆ ಪೈಪೋಟಿ ಹೆಚ್ಚುತ್ತದೆ, ಪ್ರಾಣಿಗಳು ಚಿಕ್ಕವಾಗಿಯೇ ಉಳಿಯುತ್ತವೆ. ಐರ್ಲೆಂಡ್‌ನ ಪಶ್ಚಿಮಕ್ಕೆ ಆಳಕಡಲಿನಲ್ಲಿರುವ ಪೋರ್ಕ್ಯುಪೈನ್ ಬ್ಯಾಂಕ್‌ನಲ್ಲಿ ಇದಕ್ಕೆ ತದ್ವಿರುದ್ಧ: ಬಿಲಗಳು ವಿರಳ, ಪ್ರಾಣಿಗಳು ದೊಡ್ಡವು. ಈ ಗಾತ್ರದ ವ್ಯತ್ಯಾಸ ಕಾನೂನಿನಲ್ಲೂ ಕಾಣುತ್ತದೆ. ಉತ್ತರ ಸಮುದ್ರದಲ್ಲಿ ಬೆನ್ನಚಿಪ್ಪು 25 ಮಿಲಿಮೀಟರ್ ಇಲ್ಲದಿದ್ದರೆ ಊಟಕ್ಕಾಗಿ ಮಾರುವಂತಿಲ್ಲ; ಐರಿಷ್ ಸಮುದ್ರದಲ್ಲಿ 20 ಸಾಕು.

ಬಿಲ ಇನ್ನೂ ಒಂದು ಕೆಲಸ ಮಾಡುತ್ತದೆ. ಮೊಟ್ಟೆ ಹೊತ್ತ ಹೆಣ್ಣುಗಳು ಚಳಿಗಾಲವಿಡೀ ಹೊರಬರುವುದು ಅಪರೂಪ. ಆಗ ಬಲೆಗೆ ಬೀಳುವುದು ಬಹುತೇಕ ಗಂಡುಗಳೇ. ಇಷ್ಟು ಭಾರೀ ಬೇಟೆಯ ನಡುವೆಯೂ ಸಂತಾನ ಉಳಿದುಕೊಂಡಿರುವುದಕ್ಕೆ ಕೆಸರಿನ ಈ ಆಸರೆಯೂ ಒಂದು ಕಾರಣ.

ಬಲೆಗೆ ಬಿದ್ದವನ್ನು ಎಣಿಸಿದರೆ ಬಿಲದೊಳಗೆ ಉಳಿದವುಗಳ ಲೆಕ್ಕ ಸಿಗದು. ಆದ್ದರಿಂದ 1990ರ ದಶಕದಿಂದ ಸಂಶೋಧನಾ ಹಡಗುಗಳು ಜಾರುಬಂಡಿಗೆ ಟಿವಿ ಕ್ಯಾಮೆರಾ ಕಟ್ಟಿ ತಳದ ಮೇಲೆ ಎಳೆಯುತ್ತ ಬಿಲಗಳನ್ನೇ ಎಣಿಸತೊಡಗಿದವು. ಅಂತಾರಾಷ್ಟ್ರೀಯ ಸಮುದ್ರ ಅಧ್ಯಯನ ಮಂಡಳಿ ಪ್ರತಿ ಕೆಸರುನೆಲಕ್ಕೂ ಪ್ರತ್ಯೇಕ ಸಲಹೆ ಕೊಡುತ್ತದೆ. ಆದರೆ ಹಿಡಿಯುವ ಮಿತಿಯನ್ನು ಬಹುಮಟ್ಟಿಗೆ ವಿಶಾಲ ಸಮುದ್ರವಲಯಕ್ಕೆ ಒಟ್ಟಾಗಿಯೇ ಗೊತ್ತುಪಡಿಸಲಾಗುತ್ತದೆ. ಹಾಗಾದಾಗ ದೋಣಿಗಳೆಲ್ಲ ಒಂದೇ ನೆಲಕ್ಕೆ ಮುಗಿಬಿದ್ದರೂ ತಡೆಯುವ ನಿಯಮವಿರುವುದಿಲ್ಲ. ಪೋರ್ಕ್ಯುಪೈನ್‌ಗೆ ಬೇರೆಯೇ ಮಿತಿ ಹಾಕಿದ್ದು ಸರಿಯಾದ ಹೆಜ್ಜೆ. ಉಳಿದ ಕೆಸರುನೆಲಗಳಿಗೂ ಅದೇ ಆಗಬೇಕು.