ಉಳಿದ ಸೀಕರಣಿ, ಮುಚ್ಚಳದ ಮ್ಯಾಲೆ ಕೆಂಡ

ಮೊನ್ನೆ ಮಕ್ಕಳು ಮೊಮ್ಮಕ್ಕಳು ಬೆಂಗಳೂರಿಗೆ ಹೋದ ಮ್ಯಾಲೆ ಫ್ರಿಜ್ಜಿನಾಗ ಒಂದು ಬಟ್ಟಲ ಮಾವಿನ ಸೀಕರಣಿ ಉಳಿದಿತ್ತು ನೋಡ್ರಿ. ಹಾಲು ಬಿದ್ದದ್ದು, ಬಾಳ ಹೊತ್ತು ತಡಿಯಂಗಿಲ್ಲ. ಚೆಲ್ಲಾಕ ಮನಸ್ಸು ಬರಲಿಲ್ಲ, ಕೇಕು ಮಾಡ್ತೀನಿ ಅಂದೆ. ಅತ್ತಿ ಮುಖ ತಿರುವಿದ್ರು. "ಅದು ಇಂಗ್ಲೀಷರ ತಿಂಡಿ, ನನ್ನ ತಾಟಿಗೆ ಹಾಕಬ್ಯಾಡ." ಹೋದ ವರ್ಷ ಹುಡುಗನ ಬರ್ತ್‌ಡೇ ಕೇಕನ್ನೂ ಮುಟ್ಟಿದ್ದಿಲ್ಲ. ಆ ಕೂಸು ಅತ್ತಿದ್ದು ನನಗ ಇನ್ನೂ ಮರ್ತಿಲ್ಲ.

ಅತ್ತಿ ಮಾತು ಅರ್ಧ ಖರೇನ. 1883ರಾಗ ಕೇರಳದ ತಲಶ್ಶೇರಿಯಾಗ ಮಾಂಬಳ್ಳಿ ಬಾಪು ಅನ್ನೋರು ಬ್ರೌನ್ ಅನ್ನೋ ತೋಟದ ದೊರೆಗೆ ಕ್ರಿಸ್‌ಮಸ್ ಕೇಕು ಮಾಡಿಕೊಟ್ರಂತ. ದೊರೆ ಬ್ರಾಂದಿ ಹಾಕು ಅಂದ್ರ, ಬಾಪು ಊರ ಹಣ್ಣಿನ ಸಾರಾಯಿನ ಹಾಕಿದ್ರಂತ. ಇನ್ನು ಏಲಕ್ಕಿ, ಮೆಣಸು, ಶುಂಠಿ ಅಂತೂ ಆ ಮಲಬಾರಿನ ದಂಡಿಯಿಂದನ ಹಡಗು ಹತ್ತಿ ಸೀಮಿಗೆ ಹೋಗಿದ್ದು.

ಆದ್ರ ಮ್ಯಾಲೂ ಕೆಳಗೂ ಬೆಂಕಿ ಕೊಟ್ಟು ಬೇಸೋದನ್ನ ಯಾವ ದೊರೆನೂ ನಮಗ ಕಲಿಸಿಲ್ಲ. ಹಂಪಿಯಾಗ ಕೃಷ್ಣದೇವರಾಯ ಪಟ್ಟಕ್ಕ ಬರೋ ಸುಮಾರಿಗೆ, 1508ರ ಆಸುಪಾಸು, ಮೂರನೇ ಮಂಗರಸ 'ಸೂಪಶಾಸ್ತ್ರ' ಬರದ. ಅಡಿಗಿ ಪುಸ್ತಕ, ಅದೂ ಷಟ್ಪದಿಯಾಗ! ಅದ್ರಾಗ ಮುಚ್ಚಳರೊಟ್ಟಿ ಅಂತೈತಿ, ಮುಚ್ಚಿಟ್ಟು ಎರಡೂ ಕಡೆ ಕಾವು ಕೊಟ್ಟು ಬೇಸೋದು.

ಇದನ್ನ ಅತ್ತಿಗೆ ಹೇಳಿದೆ. "ಅದ್ರಾಗೇನೈತಿ? ಕೂಡ್ಲಿಗಿ ತವರುಮನ್ಯಾಗ ನಮ್ಮವ್ವ ಬೋಗುಣಿ ಮುಚ್ಚಿ, ಮ್ಯಾಲೆ ಕೆಂಡ ಹರವಿ ರವೆ-ಬೆಲ್ಲದ್ದು ಮಾಡ್ತಿದ್ಲು" ಅಂದ್ರು. ಮೂವತ್ತು ವರ್ಷ ಒಂದೇ ಒಲಿ ಮುಂದ ಕುಂತೀವಿ, ಒಂದಿನನೂ ನಾನು ಕೇಳಿದ್ದಿಲ್ಲ ನೋಡ್ರಿ.

ಈಗ ಕೆಂಡ ಎಲ್ಲಿ ತರೋದು? ಕುಕ್ಕರಿನಾಗ ಉಸುಕು ಹಾಕಿ, ರಬ್ಬರ್, ಸೀಟಿ ತೆಗದು ಹತ್ತು ನಿಮಿಷ ಕಾಸಿದೆ. ಬಟ್ಟಲ ಸೀಕರಣಿಗೆ ಒಂದೂವರಿ ಬಟ್ಟಲ ಗೋಧಿಹಿಟ್ಟು, ಅರ್ಧ ಬಟ್ಟಲ ಎಣ್ಣಿ, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕಿ ಸೋಡಾ. ಹಣ್ಣಿನ ಹುಳಿಗೆ ಸೋಡಾ ಕೂಡಿದ್ರ ಉಬ್ಬತೈತಿ, ತತ್ತಿ ಬೇಕಾಗಂಗಿಲ್ಲ. ಏಲಕ್ಕಿ ಸೀಕರಣ್ಯಾಗ ಇತ್ತು. ಒಣಶುಂಠಿ, ನಾಲ್ಕು ಲವಂಗ, ಒಂಚೂರು ಜಾಜಿಕಾಯಿ ಕುಟ್ಟಿ ಹಾಕಿದೆ. ಸಣ್ಣ ಉರಿ, ಮುಕ್ಕಾಲು ತಾಸು. ತಳ ಒಂಚೂರು ಸೀದಿತ್ತು, ಅದನ್ನ ಕೊರದು ತೆಗದೆ.

ಅತ್ತಿ ಮೊದಲು ಮೂಸಿದ್ರು, ಆಮ್ಯಾಲೆ ಒಂದು ತುಂಡು ಮುರಕೊಂಡ್ರು. "ಕೇಕು ಅನ್ನಬ್ಯಾಡ. ಸೀಕರಣಿ ರೊಟ್ಟಿ ಅನ್ನು" ಅಂತ ಇನ್ನೊಂದು ತುಂಡಿಗೆ ಕೈ ಚಾಚಿದ್ರು.