ವೀರನಹೊಸಹಳ್ಳಿಯ ಚಳಿ ಮತ್ತು ಬಿಸಿಲಿಗಿಟ್ಟ ಸೆಲ್ಲು

ಹುಣಸೂರಿನಿಂದ ನಾಗರಹೊಳೆಯ ಅಭಯಾರಣ್ಯಕ್ಕೆ ಹೋಗುವ ಮಾರ್ಗದಲ್ಲಿ, ಹೊಲಗದ್ದೆಗಳು ಮುಗಿದು ಕಾಡು ಮೊದಲಾಗುವ ಸಂಧಿಯಲ್ಲಿರುವ ವೀರನಹೊಸಹಳ್ಳಿಯು, ಮೈಸೂರು ದಸರೆಯ ಆನೆಗಳು ಪೂಜೆಗೊಂಡು ನಗರಕ್ಕೆ ಪ್ರಯಾಣ ಹೊರಡುವ ಗಜಪಯಣದ ಸ್ಥಳವೆಂದು ನಾಡಿಗೆಲ್ಲ ಪರಿಚಿತವಾಗಿದೆ. ಉತ್ಸವದ ಆ ಖ್ಯಾತಿಯ ಮರೆಯಲ್ಲಿ ಈ ಸೀಮೆಗೆ ಮತ್ತೊಂದು ಚರಿತ್ರೆಯೂ ಉಂಟು. ಚಳಿಗೂ ವಿದ್ಯುತ್ಕೋಶಕ್ಕೂ ಇರುವ ವೈರವನ್ನು ಇಲ್ಲಿನ ರೈತರು ಯಾವ ಗ್ರಂಥದ ನೆರವೂ ಇಲ್ಲದೆ ಅರಿತು, ಅದಕ್ಕೊಂದು ಪರಿಹಾರವನ್ನೂ ಕಂಡುಕೊಂಡು, ದಶಕಗಳ ಕಾಲ ನಿತ್ಯದ ಪದ್ಧತಿಯಾಗಿ ನಡೆಸಿಕೊಂಡು ಬಂದರೆಂಬುದೇ ಆ ಚರಿತ್ರೆ.

ಈ ಪ್ರಾಂತ್ಯದ ಚಳಿಯು ಹಿಮವಂತನ ತಪ್ಪಲಿನ ಚಳಿಯಂತೆ ನೀರನ್ನು ಹೆಪ್ಪುಗಟ್ಟಿಸುವಂಥದಲ್ಲ. 2012ರ ಜನವರಿಯಲ್ಲಿ ಮೈಸೂರು ನಗರದ ಉಷ್ಣಮಾನವು 7.7 ಡಿಗ್ರಿಗೆ ಇಳಿದದ್ದನ್ನು ಜನರು ಅಪೂರ್ವವೆಂದು ಬಹುಕಾಲ ಹೇಳಿಕೊಂಡರು. ಆದರೂ ಕಾರ್ತಿಕದ ಕೊನೆಯಿಂದ ಪುಷ್ಯಮಾಸದವರೆಗೆ ಕಾಡಂಚಿನ ಹೊಲಗಳ ಮೇಲೆ ಮಂಜು ದಟ್ಟವಾಗಿ ಇಳಿದು, ಹೊತ್ತು ಮೇಲೇರುವವರೆಗೆ ಹುಲ್ಲು, ಬೇಲಿ, ಕಂಬಳಿ ಎಲ್ಲವೂ ತೊಯ್ದಿರುತ್ತವೆ. ರಾಗಿಯ ತೆನೆ ಬಲಿತು ಕಟಾವಿಗೆ ಬಂದು, ಮೆದೆಯಾಗಿ ಕಣ ಸೇರುವುದೂ ಈ ಋತುವಿನಲ್ಲಿಯೇ. ಆ ತೆನೆಯ ಆಸೆಗೆ ಆನೆಗಳು ಕಾಡಿನಿಂದ ಹೊರಬೀಳುವುದೂ ಈ ಋತುವಿನಲ್ಲಿಯೇ. ಆದಕಾರಣ ವರ್ಷದಲ್ಲಿ ಅತ್ಯಂತ ಶೀತಲವಾದ ರಾತ್ರಿಗಳನ್ನೇ ರೈತನು ಮನೆಯ ಹೊರಗೆ, ಮರದ ಮೇಲಿನ ಅಟ್ಟಣೆಯಲ್ಲಿ, ಕಂಬಳಿ ಹೊದ್ದು, ಕೈಯಲ್ಲೊಂದು ಬ್ಯಾಟರಿ (ಟಾರ್ಚು) ಹಿಡಿದು ಕಳೆಯಬೇಕಾಗಿ ಬಂತು.

ಶಿವನಸಮುದ್ರದ ಜಲಶಕ್ತಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ತಲುಪಿತೆಂಬ ಹೆಮ್ಮೆಯ ಮಾತನ್ನು ನಮ್ಮ ಇತಿಹಾಸಕಾರರು ಯುಕ್ತವಾಗಿಯೇ ಬರೆದಿದ್ದಾರೆ. ಆ ತಂತಿಯ ಬೆಳಕು ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಿಗೆ ಬರುವುದಕ್ಕೆ ಅನೇಕ ದಶಕಗಳೇ ಹಿಡಿದವು. ಅಷ್ಟರಲ್ಲಿ ಸಂತೆಯ ಅಂಗಡಿಯ ಸೆಲ್ಲು, ಎರಡೋ ಮೂರೋ ಸೆಲ್ಲುಗಳನ್ನು ನುಂಗುವ ತಗಡಿನ ಬ್ಯಾಟರಿ, ಇವು ಅಲ್ಲಿಗೆ ಮೊದಲೇ ನಡೆದು ಬಂದಿದ್ದವು. ವಿದ್ಯುತ್ತು ಹಳ್ಳಿಗೆ ಬಂದ ಪ್ರಥಮ ರೂಪ ದೀಪದ ಕಂಬವೆಂದು ತಿಳಿಯುವುದು ಇಲ್ಲಿನ ಮಟ್ಟಿಗೆ ಸರಿಯಲ್ಲ. ಸೆಲ್ಲಿಗೆ ಕೊಡುವ ಕಾಸು ಬಡವನಿಗೆ ಸಣ್ಣ ವೆಚ್ಚವೂ ಆಗಿರಲಿಲ್ಲ. ಅದರಿಂದ ಒಂದು ಜೊತೆ ಸೆಲ್ಲು ಎಷ್ಟು ರಾತ್ರಿ ಬಾಳಿತೆಂಬುದು ಸಂಸಾರದ ಲೆಕ್ಕಕ್ಕೆ ಸೇರಿದ ಸಂಗತಿಯಾಗಿತ್ತು.

ನಡುರಾತ್ರಿ ಕಳೆದು ಮಂಜು ಇಳಿಯುತ್ತಿದ್ದಂತೆ, ಸಂಜೆ ಬೆಳ್ಳಗೆ ಉರಿದ ಬಲ್ಬು ಕೆಂಪಾಗಿ, ಕಡೆಗೆ ಕೆಂಡದಂತಾಗಿ ನಿಲ್ಲುತ್ತಿತ್ತು. ಬೆಳಗಾದ ಮೇಲೆ ಮನೆಯ ಹಿರಿಯರು "ಸೆಲ್ಲು ಬಿಸ್ಲಿಗಿಡು ಮಗ" ಎನ್ನುವರು. ಹುಡುಗರು ಅವನ್ನು ಬ್ಯಾಟರಿಯಿಂದ ಕಳಚಿ ಜಗಲಿಯ ಅಂಚಿನಲ್ಲೋ ಹೆಂಚಿನ ಮೇಲೋ ಸಾಲಾಗಿ ಇಡುವರು. ಸಂಜೆಗೆ ಅವೇ ಸೆಲ್ಲುಗಳು ಮತ್ತೆ ಒಂದಿಷ್ಟು ಬೆಳಕು ಕೊಡುತ್ತಿದ್ದವು. ಕಾವಲಿನ ವೇಳೆಯಲ್ಲಿ ಬ್ಯಾಟರಿಯನ್ನು ಅಟ್ಟಣೆಯ ಹಲಗೆಯ ಮೇಲೆ ಬಿಡದೆ, ಕಂಬಳಿಯ ಒಳಗೆ ಮೈಗೆ ಹತ್ತಿಸಿಕೊಂಡು ಕೂರುವುದೂ ಇದೇ ಜ್ಞಾನದ ಇನ್ನೊಂದು ಮುಖ. ಹಿಮಪರ್ವತಗಳನ್ನೇರುವ ಸಾಹಸಿಗಳು ತಮ್ಮ ಉಪಕರಣಗಳ ಕೋಶಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ನಡೆಯುವುದು ಇಂದಿಗೂ ರೂಢಿ. ನಮ್ಮ ರಾಗಿಯ ಹೊಲದ ಕಾವಲುಗಾರನ ಬುದ್ಧಿಯು ಅವರ ಬುದ್ಧಿಗಿಂತ ಯಾವ ವಿಧದಲ್ಲಿಯೂ ಕಡಿಮೆಯಾದುದಲ್ಲವೆಂದು ನಾನು ದೃಢವಾಗಿ ಹೇಳಬಲ್ಲೆ.

ಈ ಪದ್ಧತಿಯನ್ನು ಮೌಢ್ಯವೆಂದು ತಳ್ಳಿಹಾಕಿದ ವಿದ್ಯಾವಂತರೂ ಇದ್ದರು. ಆದರೆ ರಸಾಯನಶಾಸ್ತ್ರವು ಹಳ್ಳಿಯವರ ಪಕ್ಷವನ್ನೇ ವಹಿಸುತ್ತದೆ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ, 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಚೆಲ್ಲದಂತೆ ಒಣಕೋಶವಾಗಿ ಪರಿವರ್ತಿಸಿದ ಕೋಶದ ಸಂತತಿಯೇ ಈ ಸೆಲ್ಲು. ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ, ಇವುಗಳ ಮಧ್ಯದಲ್ಲಿ ಲವಣದ ಒದ್ದೆ ಸರಿ. ಈ ಸರಿಯೊಳಗೆ ಅಯಾನುಗಳು ಸಂಚರಿಸಿದರೆ ಮಾತ್ರ ಹೊರಗಿನ ತಂತಿಯಲ್ಲಿ ವಿದ್ಯುತ್ತು ಹರಿಯತಕ್ಕದ್ದು. ಶೀತವು ಆ ಸಂಚಾರವನ್ನೂ ರಾಸಾಯನಿಕ ಕ್ರಿಯೆಯನ್ನೂ ಮಂದಗೊಳಿಸಿ, ಕೋಶದ ಆಂತರಿಕ ರೋಧವನ್ನು ಹೆಚ್ಚಿಸುತ್ತದೆ. ಹೊಸ ಕೋಶದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದಿರಬಹುದು. ಆದರೆ ಬಳಸಿ ಬಳಸಿ ರೋಧವು ಮೊದಲೇ ಏರಿದ ಹಳೆಯ ಕೋಶಕ್ಕೆ ನಮ್ಮ ಸೀಮೆಯ ಸಾಧಾರಣ ಚಳಿಯೂ ಭಾರವಾಗುತ್ತದೆ. ಬಿಸಿಲು ಆ ಮಂದತೆಯನ್ನು ಕಳೆಯುತ್ತದೆ. ಹಗಲಿನ ವಿಶ್ರಾಂತಿಯಲ್ಲಿ ಕೋಶದೊಳಗೆ ಅಸಮವಾಗಿ ಹಂಚಿಹೋದ ದ್ರವ್ಯಗಳು ಮರಳಿ ಸಮಗೊಳ್ಳುತ್ತವೆ. ಬಿಸಿಲು ಹೊಸ ಶಕ್ತಿಯನ್ನು ತುಂಬುವುದಿಲ್ಲ, ಉಳಿದ ಶಕ್ತಿ ಹೊರಬರಲು ದಾರಿ ಮಾಡುತ್ತದೆ ಅಷ್ಟೆ. ಅತಿಯಾಗಿ ಕಾಯಿಸಿದರೆ ಸೆಲ್ಲು ಸೋರಿ ಬ್ಯಾಟರಿಯ ಒಳಗು ಕಿಲುಬು ಹಿಡಿಯುವುದೆಂಬುದನ್ನೂ ಹಳ್ಳಿಯವರು ಅನುಭವದಿಂದಲೇ ಕಲಿತರು.

ಇದೇ ಸೆಲ್ಲು ಮುಂದೆ ರೇಡಿಯೊವನ್ನೂ ನುಡಿಸಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಾಗ ಅದನ್ನು ಕೇಳುವ ಭಾಗ್ಯ ಕೆಲವರಿಗೆ ಮಾತ್ರ ಇತ್ತು; 1947ರಲ್ಲಿ ಟ್ರಾನ್ಸಿಸ್ಟರಿನ ಆವಿಷ್ಕಾರವಾಗಿ, ಕೆಲವೇ ಸೆಲ್ಲುಗಳಿಂದ ನಡೆಯುವ ಪುಟ್ಟ ಯಂತ್ರಗಳು ಬಂದ ಮೇಲೆಯೇ ಅದು ಹೊಲದ ಅಟ್ಟಣೆಯನ್ನು ಏರಿತು.

ಸೆಲ್ಲಿನಿಂದ ನಡೆಯುವ ಯಂತ್ರಗಳ ಕಥೆ ಕಾಡಿನ ಒಳಗೆ ಇನ್ನೂ ಸ್ವಾರಸ್ಯವಾದುದು. 1955ರಲ್ಲಿ ವನ್ಯಮೃಗಧಾಮವೆಂದೂ, 1988ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಪರಿಗಣಿತವಾದ ನಾಗರಹೊಳೆಯಲ್ಲಿ, ಶಿವರಾಮ ಕಾರಂತರ ಪುತ್ರರಾದ ಡಾ. ಉಲ್ಲಾಸ ಕಾರಂತರು 1986ರಲ್ಲಿ ಹುಲಿಗಳ ಅಧ್ಯಯನಕ್ಕೆ ತೊಡಗಿ, 1990ರಲ್ಲಿ ಹುಲಿಗಳ ಕೊರಳಿಗೆ ರೇಡಿಯೊ ಪಟ್ಟಿ ತೊಡಿಸಿ, ತರುವಾಯ ಕಾಡುದಾರಿಗಳ ಇಕ್ಕೆಲಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ನೆಟ್ಟರು. ಮೈಮೇಲಿನ ಪಟ್ಟೆಗಳು ಒಂದು ಹುಲಿಯದು ಇನ್ನೊಂದರಂತಿರುವುದಿಲ್ಲವೆಂಬ ಆಧಾರದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಅವರು 1995ರಲ್ಲಿ ಪ್ರಕಟಿಸಿದರು. ಇಂದು ಲೋಕದ ನಾನಾ ಕಾಡುಗಳಲ್ಲಿ ನಡೆಯುವ ಹುಲಿಗಣತಿಯ ಬೇರು ಈ ಕಾಡಿನಲ್ಲಿದೆ. 2018ರ ಅಖಿಲ ಭಾರತ ಗಣತಿಯಲ್ಲಿ ಕ್ಯಾಮೆರಾಗಳನ್ನಿಟ್ಟ ಸ್ಥಳಗಳ ಸಂಖ್ಯೆ 26,838ಕ್ಕೆ ಏರಿತ್ತು.

ಈ ಯಂತ್ರಗಳಿಗೆ ಚಳಿಯು ಎರಡು ಬಗೆಯಲ್ಲಿ ಎದುರಾಗುತ್ತದೆ. ಕೋಶಗಳು ಬೇಗ ದಣಿಯುತ್ತವೆ. ಅದಕ್ಕಿಂತಲೂ ಹೆಚ್ಚಾಗಿ, ತಣ್ಣಗಾದ ಗಾಜಿನ ಮೇಲೆ ಇಬ್ಬನಿ ಕೂತು, ಎದುರಿಗೆ ಸಾಕ್ಷಾತ್ ವ್ಯಾಘ್ರವೇ ಹಾದುಹೋದರೂ ಚಿತ್ರದಲ್ಲಿ ಬಿಳಿಯ ಮಬ್ಬು ಮಾತ್ರ ಉಳಿಯುತ್ತದೆ. ಆದರೆ ಅದೇ ಚಳಿ ಒಂದು ಉಪಕಾರವನ್ನೂ ಮಾಡುತ್ತದೆ. ಈಚಿನ ಬಹುತೇಕ ಕ್ಯಾಮೆರಾಗಳು ಪ್ರಾಣಿಯ ಮೈಯ ಕಾವಿಗೂ ಸುತ್ತಲಿನ ಪರಿಸರದ ಕಾವಿಗೂ ಇರುವ ಅಂತರವನ್ನು ಗ್ರಹಿಸಿ ಎಚ್ಚರಗೊಳ್ಳುತ್ತವೆಯಾದ್ದರಿಂದ, ಬಿರುಬೇಸಗೆಯ ಮಧ್ಯಾಹ್ನದಲ್ಲಿ ಮಂದವಾಗುವ ಅವುಗಳ ದೃಷ್ಟಿಯು ಚಳಿಗಾಲದ ಬೆಳಗಿನಲ್ಲಿ ತೀಕ್ಷ್ಣವಾಗಿರುತ್ತದೆ.

ಕಾಡಿನ ಕ್ಯಾಮೆರಾದಂತೆ ಈಗ ಓದುವ ಪುಸ್ತಕವೂ ವಿದ್ಯುತ್ ಸಾಧನವಾಗಿದೆ, ಚಳಿಯ ಕಾಟ ಅದಕ್ಕೂ ತಪ್ಪಿಲ್ಲ. 2004ರಲ್ಲಿ ಜಪಾನಿನಲ್ಲಿ ಸೋನಿ ಲಿಬ್ರಿಯೆ, 2007ರಲ್ಲಿ ಅಮೆರಿಕದಲ್ಲಿ ಕಿಂಡಲ್ ಎಂಬ ಓದುಸಾಧನಗಳು ಮಾರುಕಟ್ಟೆಗೆ ಬಂದವು. ಇವುಗಳ ಪುಟವೆಂದರೆ ಸೂಕ್ಷ್ಮ ಗುಳ್ಳೆಗಳ ಒಂದು ಹಾಳೆ. ಪ್ರತಿಯೊಂದರಲ್ಲಿಯೂ ತಿಳಿಯಾದ ತೈಲ, ಆ ತೈಲದಲ್ಲಿ ವಿದ್ಯುದಾವೇಶ ಹೊಂದಿ ಮೇಲೆ ಕೆಳಗೆ ಚಲಿಸುವ ಕಪ್ಪು ಬಿಳುಪು ಕಣಗಳು. ಶೀತದಲ್ಲಿ ತೈಲ ಮಂದವಾಗುವುದರಿಂದ ಕಣಗಳು ನಿಧಾನಿಸಿ, ಪುಟ ತಿರುವಿದ ಮೇಲೂ ಹಿಂದಿನ ಅಕ್ಷರಗಳ ಛಾಯೆ ಉಳಿಯುತ್ತದೆ. ಇದನ್ನು ಬಲ್ಲ ನಿರ್ಮಾಪಕರು ಒಳಗೊಂದು ಉಷ್ಣಮಾಪಕವನ್ನಿರಿಸಿ, ಕಾವಿಗೆ ತಕ್ಕಂತೆ ಕಣಗಳನ್ನು ತಳ್ಳುವ ವಿದ್ಯುತ್ ಸಂಕೇತವನ್ನು ಬದಲಿಸುತ್ತಾರೆ. ಇಂದಿನ ಇಂಥ ಸಾಧನಗಳಿಗೆ ಶಕ್ತಿ ಕೊಡುವ, 1991ರಿಂದ ಪ್ರಚಾರಕ್ಕೆ ಬಂದ ಲಿಥಿಯಂ ಅಯಾನಿನ ಕೋಶವು ಚಳಿಯಲ್ಲಿ ಬೇಗ ಬರಿದಾದಂತೆ ತೋರಿ, ಬೆಚ್ಚಗಾದ ಮೇಲೆ ಚೇತರಿಸಿಕೊಳ್ಳುತ್ತದೆ. ಆದರೆ ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವೇ ಪದರಗಟ್ಟಿ ಶಾಶ್ವತವಾದ ಹಾನಿಯಾಗುತ್ತದೆ. ಟೊರಾಂಟೊ, ಮಿನಿಯಾಪೊಲಿಸ್‌ನಂತಹ ಹಿಮದ ನಗರಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ಇದು ಪ್ರತಿ ವರ್ಷದ ಅನುಭವ. ಹೊರಗಿನಿಂದ ತಂದ ಸಾಧನವನ್ನು ಚೀಲದಿಂದ ತೆಗೆಯದೆ ಮನೆಯ ಕಾವಿಗೆ ಹೊಂದಲು ಬಿಟ್ಟು, ಪಸೆ ಕೂರದಂತೆ ನೋಡಿಕೊಂಡು, ಆಮೇಲೆ ಚಾರ್ಜಿಗೆ ಹಾಕುವುದೇ ಅಲ್ಲಿ ಕ್ಷೇಮ. ಆದರೆ ಅದನ್ನು ನಮ್ಮ ಹಳೆಯ ಸೆಲ್ಲಿನಂತೆ ಬಿಸಿಲಿಗೋ ಒಲೆಯ ಬಳಿಗೋ ಇಡಬಾರದು. ಲಿಥಿಯಂ ಕೋಶಕ್ಕೆ ಅತಿಯಾದ ಕಾವು ಚಳಿಗಿಂತಲೂ ಅಪಾಯಕರ.

ವೀರನಹೊಸಹಳ್ಳಿಯ ಸುತ್ತ ಈಗ ಸೌರಬೇಲಿ ಬಂದಿದೆ, ಹಳೆಯ ರೈಲ್ವೆ ಕಂಬಿಗಳ ತಡೆಬೇಲಿಯೂ ಬಂದಿದೆ, ರೈತರ ಕೈಗೆ ಚಾರ್ಜ್ ಮಾಡುವ ಬ್ಯಾಟರಿಗಳೂ ಬಂದಿವೆ. ಜಗಲಿಯ ಮೇಲೆ ಸೆಲ್ಲು ಸಾಲಿಡುವ ಮಕ್ಕಳು ಇಂದು ಕಾಣಸಿಗುವುದು ವಿರಳ. ಆ ಕಾಲದ ಅಟ್ಟಣೆಗಳಲ್ಲಿ ರಾತ್ರಿ ಕಳೆದವರು ವೃದ್ಧರಾಗಿದ್ದಾರೆ. ಒಂದು ಜೊತೆ ಸೆಲ್ಲು ಎಷ್ಟು ದಿನ ಬಂತು, ಮಂಜಿನ ರಾತ್ರಿ ಬ್ಯಾಟರಿ ಕೈಕೊಟ್ಟಾಗ ಆನೆಯನ್ನು ಹೇಗೆ ಹಿಂದಟ್ಟಿದರು ಎಂಬುದು ಅವರ ನೆನಪಿನಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಶಾಲಾ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಹಿರಿಯರ ಬಳಿ ಕುಳಿತು, ಅವರ ಮಾತಿನಲ್ಲಿಯೇ ಅದನ್ನೆಲ್ಲ ಈಗಲೇ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.