ಉಡುಪಿ ನಗರ ಪ್ರವಾಸ

ಉಡುಪಿ ಕರಾವಳಿ ಕರ್ನಾಟಕದ ದೇವಾಲಯ ನಗರ. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಜಿಲ್ಲೆಯ ಕೇಂದ್ರ. ಕೊಂಕಣ ರೈಲಿನಲ್ಲಿ ಬಂದವರು ಇಂದ್ರಾಳಿಯಲ್ಲಿ ಇಳಿಯುತ್ತಾರೆ. ಪೇಟೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಒಟ್ಟೊಟ್ಟಿಗೆ ಕೇಳಿಸುತ್ತವೆ.

ಹೊಸಬರ ಸುತ್ತಾಟ ಸಾಮಾನ್ಯವಾಗಿ ಕೃಷ್ಣಮಠದ ಸುತ್ತಲಿನ ರಥಬೀದಿಯಿಂದ ಶುರು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣನ ಪೂಜೆಯನ್ನು ಅಷ್ಟಮಠಗಳು ಸರದಿಯಂತೆ ನಡೆಸುತ್ತವೆ. ಎರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಸರದಿ ಬದಲಾಗುವ ಪರ್ಯಾಯ ಉತ್ಸವಕ್ಕೆ ಊರಿಗೆ ಊರೇ ರಾತ್ರಿಯಿಡೀ ಎಚ್ಚರವಿರುತ್ತದೆ. ದೇವರ ದರ್ಶನ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ. ಪಶ್ಚಿಮದ ಹೊರಗೋಡೆಯಲ್ಲಿ ಕನಕನ ಕಿಂಡಿಯಿದೆ.

ಊಟದಲ್ಲಿ ಮಟ್ಟುಗುಳ್ಳದ ಹುಳಿ, ತಿಂಡಿಗೆ ನೀರುದೋಸೆ, ಗೋಳಿಬಜೆ.

ಪಕ್ಕದ ಮಣಿಪಾಲ 1953ರಲ್ಲಿ ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಿಂದ ಬೆಳೆದ ಊರು. ಅಲ್ಲಿಯ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದರು.

ದಕ್ಷಿಣಕ್ಕೆ ಕಾಪುವಿನಲ್ಲಿ ಕಡಲಬಂಡೆಯ ಮೇಲೆ 1901ರ ದೀಪಸ್ತಂಭ; ಕಾರ್ಕಳದಲ್ಲಿ 1432ರ ಬಾಹುಬಲಿ ಮತ್ತು 1586ರ ಚತುರ್ಮುಖ ಬಸದಿ. ಕಂಬಶಿಲೆಗಳ ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿಯಿದೆ; ಮಳೆಗಾಲದಲ್ಲಿ ಓಡುವುದಿಲ್ಲ.